ನೆನೆದ ಸಾಮಾನು

ಮನೆಯವರೆಲ್ಲ ತಂಗಿಯನ್ನು ಚಿಕ್ಕಂದಿನಿಂದ ಕರೆಯುತ್ತಿದ್ದದ್ದು ಗುಜರಿ ಎಂದೇ. ದಾರಿಯಲ್ಲಿ ಬಿದ್ದ ಅಂಗಿಯ ಗುಂಡಿ, ಕಿವಿ ಮುರಿದ ಬಟ್ಟಲು, ಚಕ್ರ ಕಳೆದುಕೊಂಡ ಆಟದ ಬಂಡಿ, ಏನು ಕಂಡರೂ ಉಡಿಯಲ್ಲಿ ತುಂಬಿಕೊಂಡು ಬರುವವಳು. ಅಮ್ಮ ಮುಂಬಾಗಿಲಿನಿಂದ ಎಸೆದದ್ದನ್ನು ಇವಳು ಹಿತ್ತಲ ಬಾಗಿಲಿನಿಂದ ಒಳಗೆ ತರುತ್ತಿದ್ದಳು. ದೊಡ್ಡವಳಾದ ಮೇಲೂ ಆ ಬುದ್ಧಿ ಹೋಗಲಿಲ್ಲ. ಹೋಗುವುದಿರಲಿ, ಅದನ್ನೇ ಹೊಟ್ಟೆಪಾಡು ಮಾಡಿಕೊಂಡಳು. ವಾರದ ಸಂತೆಯಲ್ಲಿ, ಮನೆ ಖಾಲಿ ಮಾಡುವವರ ಅಂಗಳದಲ್ಲಿ, ರದ್ದಿ ಅಂಗಡಿಯ ಮೂಲೆಯಲ್ಲಿ ಹಳೆಯ ಸಾಮಾನು ಹುಡುಕಿ ತಂದು, ತೊಳೆದು, ಉಜ್ಜಿ, ಫೋಟೊ ತೆಗೆದು ಆನ್‌ಲೈನ್ ಅಂಗಡಿಯಲ್ಲಿ ಮಾರುತ್ತಿದ್ದಳು. ಇದ್ದ ಹಾಗೆ ಮಾರಲಾಗದಷ್ಟು ಹರಿದ ಪರದೆ, ಕೋಟುಗಳು ಅವಳ ಹೊಲಿಗೆ ಯಂತ್ರದಡಿ ಹಾದು ಕೈಚೀಲಗಳಾಗಿ, ಗೊಂಬೆಗಳಾಗಿ ಅದೇ ಅಂಗಡಿ ಸೇರುತ್ತಿದ್ದವು.

ಅಕ್ಕನದು ಇದಕ್ಕೆ ತೀರ ಉಲ್ಟಾ ಬದುಕು. ದೊಡ್ಡ ಹೋಟೆಲೊಂದರ ಬಟ್ಟೆ ವಿಭಾಗದಲ್ಲಿ ಅವಳು ಮೇಲ್ವಿಚಾರಕಿ. ಹಾಸಿಗೆಯ ಚಾದರ, ಟವೆಲು, ಮೇಜಿನ ಬಟ್ಟೆಗಳು ದಿನವೂ ಅವಳ ಕಣ್ಣೆದುರು ರಾಶಿರಾಶಿಯಾಗಿ ಸಾಗುತ್ತಿದ್ದವು. ಎಲ್ಲ ಬಿಳಿ, ಎಲ್ಲ ಒಂದೇ ಅಳತೆ. ಎಳ್ಳಷ್ಟು ಕಲೆ ಉಳಿದರೂ ಅಂಥದ್ದನ್ನು ಎಳೆದು ಆಚೆಗೆ ಹಾಕುವುದೇ ಅವಳ ಕೆಲಸ. ಅದರಲ್ಲಿ ಅವಳದು ಎತ್ತಿದ ಕೈ. ಆ ಕೈಯೇ ಒಂದು ದಿನ, ಸಾಬೂನಿನ ನೀರು ಚೆಲ್ಲಿದ್ದ ನೆಲದಲ್ಲಿ ಜಾರಿ ಬಿದ್ದಾಗ, ಮಣಿಕಟ್ಟಿನ ಹತ್ತಿರ ಮುರಿಯಿತು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಗಂಡ ಕೆಲಸದ ಮೇಲೆ ಊರೂರು ಸುತ್ತುವವನು. ಒಂದೇ ಕೈಯಲ್ಲಿ ಮನೆ ನಡೆಯುವುದು ಹೇಗೆ? ತಂಗಿ ಬಂದವಳೇ ಹೆಚ್ಚು ಮಾತಾಡದೆ ಅಕ್ಕನ ಬಟ್ಟೆಬರೆ ಚೀಲಕ್ಕೆ ತುಂಬಿ ತನ್ನ ಮನೆಗೆ ಕರೆದೊಯ್ದಳು.

ಎರಡು ಅಂತಸ್ತಿನ ಕಟ್ಟಡದ ಕೆಳಗಿನ ಮನೆ ಅದು. ಮುಂದೆ ಒಂದು ಕೋಣೆ, ಅಡುಗೆಮನೆ, ಹಿಂದೆ ಉದ್ದನೆಯ ಇನ್ನೊಂದು ಕೋಣೆ, ಅದರಾಚೆ ಪುಟ್ಟ ಅಂಗಳ. ಹಿಂದಿನ ಕೋಣೆಯೇ ಅಂಗಡಿ. ಸೂರಿನವರೆಗೆ ಹಲಗೆ ಹೊಡೆದು ಸಾಮಾನು ಜೋಡಿಸಿದ್ದಳು. ಹಿತ್ತಾಳೆ ತಕ್ಕಡಿ, ಮರದ ರೇಡಿಯೊ, ಚರ್ಮದ ಪೆಟ್ಟಿಗೆ, ಬಣ್ಣದ ಗಾಜಿನ ದೀಪ, ಬಟ್ಟೆಯ ರಾಶಿ. ಕಿಟಕಿಯ ಪಕ್ಕದ ಮೇಜಿಗೆ ಬಿಳಿ ಚಾದರ ಹಾಸಿ ಅಲ್ಲಿ ಫೋಟೊ ತೆಗೆಯುವುದು. ಮೊದಮೊದಲು ಅಕ್ಕ ಮೂಗು ಮುರಿದಳು. ಈ ಚಿಂದಿಯನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಿಯೂ ಬಿಟ್ಟಳು. ತಂಗಿ ನಕ್ಕು, ನಿನ್ನ ಹೋಟೆಲಿನಲ್ಲಿ ಮಲಗೆದ್ದು ಹೋದವರೇ ಕೊಳ್ಳುತ್ತಾರೆ ಎಂದಳು.

ಆದರೆ ಕೈ ಕಟ್ಟಿ ಕೂತವರಿಗೆ ಕಣ್ಣಿಗೆ ಕೆಲಸ ಜಾಸ್ತಿ. ಅಕ್ಕ ನೋಡುತ್ತಾ ಹೋದಳು. ತಂಗಿ ಪ್ರತಿ ಸಾಮಾನನ್ನೂ ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ, ಬೆರಳಿನಿಂದ ತಡವಿ ನೋಡುವಳು. ಮೊದಲು ಫೋಟೊ ತೆಗೆಯುವುದು ಬಿರುಕು, ತೂತು, ತುಕ್ಕುಗಳದ್ದು. ಅದಾದ ಮೇಲೆ ಅಂದದ್ದು. ಕೆಳಗೆ ಬರೆಯುವುದೂ ಹಾಗೆಯೇ: "ಹೂಜಿಯ ಹಿಡಿಯಲ್ಲಿ ಕೂದಲೆಳೆಯ ಬಿರುಕಿದೆ. ಬಿಸಿ ನೀರು ಹಾಕಬೇಡಿ. ಹೂವಿಡಿ, ಇನ್ನೂ ಬಹಳ ಕಾಲ ನಿಮ್ಮ ಜೊತೆಗಿರುತ್ತದೆ." ಕುಂದನ್ನು ಮೊದಲೇ ಸಾರಿ ಹೇಳಿದರೆ ವ್ಯಾಪಾರ ಕುದುರುವುದಾದರೂ ಹೇಗೆ ಎಂದು ಅಕ್ಕನಿಗೆ ಅರ್ಥವಾಗಲಿಲ್ಲ. ಕುದುರುತ್ತಿತ್ತು ಎನ್ನುವುದೂ ಸುಳ್ಳಲ್ಲ. ಕೊರಿಯರ್‌ನವನು ಸಂಜೆ ಬಂದು ಡಬ್ಬಗಳನ್ನು ಹೊತ್ತೊಯ್ಯುವಾಗ, ನಿಮ್ಮ ಮನೆಗೆ ಬಂದು ಬಂದೇ ನನ್ನ ಸೊಂಟ ಹೋಯಿತು ಎಂದು ಗೊಣಗುತ್ತಿದ್ದ.

ಮೇಲಿನ ಮನೆಯಲ್ಲಿ ಮುದ್ರಣಾಲಯದಲ್ಲಿ ಕೆಲಸ ಮಾಡುವ ಒಬ್ಬಾತ ತನ್ನ ತಾಯಿಯೊಂದಿಗೆ ಇದ್ದ. ತಾಯಿ ಒಂದು ಕಾಲಕ್ಕೆ ಶಾಲೆಯಲ್ಲಿ ಪಾಠ ಹೇಳಿದವರು. ಇಡೀ ಬೀದಿಗೆ ಟೀಚರಮ್ಮ. ಈಚೆಗೆ ಅವರಿಗೆ ಮರೆವು. ಮಗ ಬೆಳಿಗ್ಗೆ ಹೋದರೆ ಸಂಜೆಯವರೆಗೆ ಒಬ್ಬರೇ. ಎದುರು ಸಿಕ್ಕಾಗೆಲ್ಲ ಅಕ್ಕನನ್ನು, ಕೈಗೆ ಏನಾಯಿತಮ್ಮ ಎಂದು ಹೊಸದಾಗಿ ಕೇಳುವರು. ಅಕ್ಕನೂ ಹೊಸದಾಗಿ ಬಿದ್ದು ತೋರಿಸುವಂತೆ ಎಲ್ಲ ವಿವರಿಸುವಳು.

ಅವತ್ತು ಸಂತೆಯ ದಿನ. ತಂಗಿ ಬೆಳಿಗ್ಗೆಯೇ ಹೋಗಿದ್ದಳು. ಹಿಂದಿನ ಕೋಣೆಯಲ್ಲಿ, ಕಳಿಸಲು ಕಟ್ಟಿಟ್ಟ ಡಬ್ಬಗಳ ಸಾಲು. ಅಕ್ಕ ಎಡಗೈಯಲ್ಲಿ ಬಾಚಣಿಗೆ ಹಿಡಿದು ತಲೆಯೊಂದಿಗೆ ಗುದ್ದಾಡುತ್ತಿದ್ದಾಗ ಟಪ್ ಎಂದು ಸದ್ದಾಯಿತು. ಹೋಗಿ ನೋಡಿದರೆ ಸೂರಿನ ಮೂಲೆಯಿಂದ ಹನಿ. ಬಕೆಟ್ ತರುವಷ್ಟರಲ್ಲಿ ಹನಿ ಧಾರೆಯಾಯಿತು. ಧಾರೆ ಹಲಗೆಯಿಂದ ಹಲಗೆಗೆ ಇಳಿಯತೊಡಗಿತು. ಅಕ್ಕ ಕೂಗಿದಳು, ಮೇಲಿನವರಿಗೆ ಕೇಳಿಸಲಿಲ್ಲ. ಎಡಗೈಯಲ್ಲಿ ಒಂದು ಡಬ್ಬ ಎಳೆದಳು, ಕಾಲಿನಿಂದ ಇನ್ನೊಂದನ್ನು ನೂಕಿದಳು. ರೇಡಿಯೊವನ್ನು ಕಂಕುಳಲ್ಲಿ ಅವಚಿಕೊಂಡು ಅಡುಗೆಮನೆಗೆ ಸಾಗಿಸಿದಳು. ಉಣ್ಣೆಯ ಸ್ವೆಟರುಗಳ ರಾಶಿ ಅವಳ ಕಣ್ಣೆದುರಿಗೇ ನೀರು ಕುಡಿದು ಭಾರವಾಗಿ ಕೆಳಗೆ ಕುಸಿಯಿತು. ಕೈಕಾಲು ಆಡದೆ ತಂಗಿಗೆ ಫೋನ್ ಮಾಡಿದಾಗ ಅವಳಿಗೆ ಅಳುವೇ ಬಂದಿತ್ತು.

ತಂಗಿ ಆಟೊ ಹಿಡಿದು ಬಂದಳು. ಬಾಗಿಲಲ್ಲಿ ನಿಂತು ಇಡೀ ಕೋಣೆಯನ್ನು ಒಮ್ಮೆ ನೋಡಿದಳು. ತಲೆ ಮೇಲೆ ಕೈ ಹೊತ್ತು ಕೂರುತ್ತಾಳೆ ಎಂದುಕೊಂಡಿದ್ದಳು ಅಕ್ಕ. ತಂಗಿ ಕೇಳಿದ್ದು ಒಂದೇ ಮಾತು.

"ನೀನು ಜಾರಲಿಲ್ಲ ತಾನೆ ಅಕ್ಕ?"

ಆಮೇಲೆ ದಡದಡನೆ ಮೆಟ್ಟಿಲು ಹತ್ತಿದಳು. ಅಕ್ಕನೂ ಹಿಂದೆಯೇ ಹತ್ತಿದಳು. ಹತ್ತುತ್ತಾ ಬೈಗುಳಗಳನ್ನು ಒಂದೊಂದಾಗಿ ನಾಲಿಗೆಯ ತುದಿಗೆ ತಂದು ಜೋಡಿಸಿಟ್ಟುಕೊಂಡಳು. ಮೇಲೆ ಬಚ್ಚಲಿನ ನಲ್ಲಿ ಪೂರ್ತಿ ತೆರೆದುಕೊಂಡಿತ್ತು. ನೀರು ಹೋಗುವ ಬಾಯಿಗೆ ಒರೆಸುವ ಬಟ್ಟೆ ಸಿಕ್ಕಿಕೊಂಡಿತ್ತು. ಮನೆಯೆಲ್ಲ ಪಾದ ಮುಳುಗುವಷ್ಟು ನೀರು. ನಡುಮನೆಯ ಕುರ್ಚಿಯಲ್ಲಿ ಟೀಚರಮ್ಮ ಕಾಲು ಮೇಲೆತ್ತಿಕೊಂಡು, ದೋಣಿಯಲ್ಲಿ ಕೂತವರ ಹಾಗೆ ಕೂತಿದ್ದರು. ನೀರು ಎಲ್ಲಿಂದ ಬಂತೆಂದು ಅವರಿಗೆ ತಿಳಿದಿರಲಿಲ್ಲ. ಆದರೆ ತನ್ನಿಂದಲೇ ಏನೋ ಆಗಿದೆ ಎಂಬುದು ತಿಳಿದಿತ್ತು, ಅದು ಮುಖದ ಮೇಲಿತ್ತು. ಅಕ್ಕನ ಬೈಗುಳಗಳು ಬಂದ ದಾರಿಯಲ್ಲೇ ಹಿಂದೆ ಹೋದವು.

ತಂಗಿ ನಲ್ಲಿ ನಿಲ್ಲಿಸಿದಳು, ಸಿಕ್ಕಿಕೊಂಡ ಬಟ್ಟೆ ಎಳೆದು ತೆಗೆದಳು. ಟವೆಲು ಹುಡುಕಿ ತಂದು, ನೆಲಕ್ಕೆ ಕೂತು ಟೀಚರಮ್ಮನ ಪಾದ ಒರೆಸಿದಳು. ಬೆರಳುಗಳ ನಡುವೆಯೂ ಒರೆಸಿದಳು. "ಬನ್ನಿ ಟೀಚರಮ್ಮ, ಕೆಳಗೆ ಬಿಸಿಲಿದೆ, ಅಲ್ಲಿ ಕೂರೋಣ" ಎಂದು ಕೈ ಹಿಡಿದು ಇಳಿಸಿಕೊಂಡು ಬಂದಳು.

ಅಲ್ಲಿಂದ ಸಂಜೆಯವರೆಗೆ ನಡೆದದ್ದನ್ನು ಅಕ್ಕ ಮುಂದೆ ಎಷ್ಟೋ ಜನಕ್ಕೆ ಹೇಳಿದಳು. ತಂಗಿ ಎಲ್ಲವನ್ನೂ ಅಂಗಳಕ್ಕೆ ತಂದು ಹರವಿದಳು. ಇಲ್ಲಿ ಅಕ್ಕನ ವಿದ್ಯೆಯೂ ಕೆಲಸಕ್ಕೆ ಬಂತು. ಉಣ್ಣೆಯನ್ನು ನೇತು ಹಾಕಬೇಡ, ಜೋತು ಬೀಳುತ್ತದೆ. ಟವೆಲಿನಲ್ಲಿ ಸುತ್ತಿ ಒತ್ತು, ಚಪ್ಪಟೆಯಾಗಿ ಹಾಸು. ಚರ್ಮವನ್ನು ಬಿಸಿಲಿಗೆ ಇಡಲೇಬೇಡ ಎಂದು ಕುರ್ಚಿಯಲ್ಲಿ ಕೂತೇ ಹೋಟೆಲಿನ ದರ್ಬಾರು ನಡೆಸಿದಳು. ಅಕ್ಕ ತಂಗಿಯರ ನಡುವೆ ಜಟಾಪಟಿ ಆದದ್ದು ಒಂದೇ ವಿಷಯಕ್ಕೆ. ಕಟ್ಟಿಟ್ಟಿದ್ದ ಡಬ್ಬಗಳೆಲ್ಲ ಆಗಲೇ ಮಾರಾಟವಾಗಿದ್ದವು, ದುಡ್ಡೂ ಬಂದಿತ್ತು. ತಂಗಿ ಅವನ್ನೆಲ್ಲ ಬಿಚ್ಚಿ, ಒಂದೊಂದರದ್ದೂ ಒದ್ದೆ ಫೋಟೊ ತೆಗೆದು, ಕೊಂಡವರಿಗೆ ಕಳಿಸಲು ಕೂತಳು.

"ಒಣಗಿಸಿ ಕಳಿಸಿದ್ರಾಯ್ತು. ಯಾರಿಗೆ ಗೊತ್ತಾಗುತ್ತೆ?" ಎಂದಳು ಅಕ್ಕ.

"ಮೊದಲನೇ ಮಳೆ ಬಂದ ದಿನ ಆ ಚರ್ಮದ ಪೆಟ್ಟಿಗೆ ಮುಗ್ಗಲು ವಾಸನೆ ಹೊಡೆಯುತ್ತೆ. ಅವತ್ತು ಅವರು ನನ್ನ ನೆನೆಸ್ಕೊಳ್ತಾರಲ್ಲ, ಹಾಗೆ ನೆನೆಸ್ಕೊಳ್ಳೋದು ಬೇಡ."

"ಎಲ್ಲರೂ ಬೇಡ ಅಂದ್ರೆ?"

"ಮುಳುಗಿದವನಿಗೆ ಚಳಿಯೇನು, ಮಳೆಯೇನು" ಎಂದು ತಂಗಿ ಫೋನಿನ ಮೇಲೆ ಬೆರಳಾಡಿಸತೊಡಗಿದಳು.

ಉತ್ತರಗಳು ಬರತೊಡಗಿದವು. ಕೆಲವರು ಬೇಡವೆಂದರು, ಅವರ ಹಣ ಆಗಲೇ ವಾಪಸು ಹೋಯಿತು. ಒಬ್ಬಾಕೆ ಕಟುವಾಗಿ ಬರೆದಳು. ಅವಳದೂ ತಪ್ಪಲ್ಲ, ಮಗಳ ಹುಟ್ಟುಹಬ್ಬಕ್ಕೆಂದು ಕೊಂಡಿದ್ದಳು ಎನ್ನುತ್ತಾ ತಂಗಿ ತನ್ನ ಕೈಯಾರೆ ಹೊಲಿದ ಗೊಂಬೆಯೊಂದನ್ನು ಅವಳ ಹೆಸರಿಗೆ ತೆಗೆದಿಟ್ಟಳು. ಆದರೆ ಬಹಳ ಮಂದಿ ಕಾಯುತ್ತೇವೆ ಎಂದರು. ಚರ್ಮದ ಪೆಟ್ಟಿಗೆ ಕೊಂಡಿದ್ದಾತನಂತೂ, ಕಲೆ ಉಳಿದರೆ ಉಳಿಯಲಿ, ಪೆಟ್ಟಿಗೆಗೆ ಒಂದು ಕಥೆಯಾಯಿತು ಎಂದು ಬರೆದ. ಅಕ್ಕ ಅದನ್ನು ಎರಡು ಸಲ ಓದಿಸಿ ಕೇಳಿದಳು. ಹೋಟೆಲಿನಲ್ಲಿ ಅವಳು ಕಲೆಯ ಬಗ್ಗೆ ಇಂಥ ಮಾತು ಕೇಳಿರಲೇ ಇಲ್ಲ.

ಉಳಿಸಲಾಗದೆ ಹೋದದ್ದು ಸ್ವೆಟರುಗಳು. ಕೆಂಪು ಸ್ವೆಟರಿನ ಬಣ್ಣ ಇಳಿದು ಬಿಳಿಯವಕ್ಕೆಲ್ಲ ಮೆತ್ತಿಕೊಂಡಿತ್ತು. ತಂಗಿ ಅವನ್ನು ಟೀಚರಮ್ಮನ ಕುರ್ಚಿಯ ಪಕ್ಕ ಹಾಸಿ ಬೇರೆ ಕೆಲಸಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಅಕ್ಕ ನೋಡುತ್ತಾಳೆ, ಟೀಚರಮ್ಮ ಒಂದು ಸ್ವೆಟರನ್ನು ಮಡಿಲಿಗೆಳೆದುಕೊಂಡಿದ್ದಾರೆ. ಉಗುರಿನಿಂದ ಕತ್ತಿನ ಬಳಿಯ ಗಂಟು ಹುಡುಕಿದರು, ಬಿಚ್ಚಿದರು, ಎಳೆ ಹಿಡಿದು ಎಳೆದರು. ಸಾಲು ಸಾಲಾಗಿ ಉಣ್ಣೆ ಬಿಚ್ಚಿಕೊಂಡು ಬಂತು. ಅಕ್ಕನತ್ತ ತಿರುಗಿ, ತರಗತಿಯಲ್ಲಿ ಹುಡುಗಿಯೊಬ್ಬಳನ್ನು ಎಬ್ಬಿಸಿದ ಹಾಗೆ ಹೇಳಿದರು.

"ಆ ಕೈ ನೀಡು. ಅಲ್ಲಾಡಿಸಬೇಡ."

ಅಕ್ಕ ಪ್ಲಾಸ್ಟರ್ ಹಾಕಿದ ಕೈಯನ್ನು ನೀಡಿದಳು. ಟೀಚರಮ್ಮ ಅದನ್ನೇ ಗೂಟ ಮಾಡಿಕೊಂಡು ಬಿಚ್ಚಿದ ಉಣ್ಣೆಯನ್ನು ಸುತ್ತತೊಡಗಿದರು. ಎಳೆ ಒಂದರ ಮೇಲೊಂದು ಏರದೆ, ಬಿಗಿಯದೆ, ಸಡಿಲವಾಗದೆ ಕೂತಿತು. ಬೆಳಿಗ್ಗೆ ನಲ್ಲಿ ನಿಲ್ಲಿಸುವುದನ್ನು ಮರೆತ ಬೆರಳುಗಳು ಇವೇ ಎಂದು ನಂಬುವುದು ಕಷ್ಟವಾಯಿತು. ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಕಣ್ಣು ಸಂತೆಯಲ್ಲಿ ಏನಾದರೂ ಸಿಕ್ಕಾಗ ಹೊಳೆಯುವಂತೆ ಹೊಳೆಯುತ್ತಿತ್ತು.

ಸಂಜೆ ಮಗ ಬಂದ. ಅಂಗಳದಲ್ಲಿ ಹರವಿದ್ದ ಸಾಮಾನು, ಅವುಗಳ ನಡುವೆ ತಾಯಿ. ಅವನು ಓಡಿಬಂದು ತಾಯಿಯ ಕೈ, ಪಾದ ಮುಟ್ಟಿ ನೋಡಿದ. ತಾಯಿಯನ್ನು ವೃದ್ಧಾಶ್ರಮಕ್ಕೆ ಸೇರಿಸುವ ಮಾತನ್ನು ಅವನು ಹಿಂದೆ ಒಮ್ಮೆ ತಂಗಿಯ ಹತ್ತಿರ ಆಡಿದ್ದ. ಸೇರಿಸಲು ಮನಸ್ಸಿಲ್ಲ, ಒಬ್ಬರನ್ನೇ ಮನೆಯಲ್ಲಿ ಬಿಟ್ಟು ಹೋಗಲು ಧೈರ್ಯವಿಲ್ಲ ಎಂದಿದ್ದ. ತಂಗಿ ಈಗ ಪೈಪು ಒಡೆಯಿತೆಂದು ಒಂದು ಸುಳ್ಳು ಹೇಳಿ ಮುದುಕಿಯನ್ನು ಉಳಿಸುತ್ತಾಳೆ ಎಂದು ಅಕ್ಕ ಎಣಿಸಿದಳು. ತಾನಾಗಿದ್ದರೆ ಹಾಗೇ ಮಾಡುತ್ತಿದ್ದಳು. ತಂಗಿ ಅವನನ್ನು ಗೇಟಿನ ಹತ್ತಿರ ಕರೆದು ನಿಲ್ಲಿಸಿಕೊಂಡಳು.

"ನಲ್ಲಿ ಬಿಟ್ಟಿದ್ದು ನಿಮ್ಮ ತಾಯಿನೇ. ಮರೆತುಬಿಟ್ರು. ನಿಮ್ಮಿಂದ ಮುಚ್ಚಿಡಬಾರದು, ನಾಳೆ ಒಲೆ ಹಚ್ಚಿ ಮರೆತ್ರೆ ಕಷ್ಟ."

ಅವನು ನಷ್ಟದ ಮಾತೆತ್ತಿದ. ತಂಗಿ ಅದನ್ನು ಅರ್ಧಕ್ಕೇ ತಡೆದಳು.

"ಅದಿರಲಿ. ಅವರ ಕೈ ನೀವು ನೋಡಿದೀರಾ? ನಿಮಗೆ ಒಪ್ಪಿಗೆ ಆದ್ರೆ, ಕೆಲಸಕ್ಕೆ ಹೋಗುವಾಗ ಅವರನ್ನ ನಮ್ಮ ಮನೇಲಿ ಬಿಟ್ಟು ಹೋಗಿ. ನನಗೆ ಉಣ್ಣೆ ಬಿಚ್ಚಿ ಹೆಣೆಯೋರು ಬೇಕಾಗಿದ್ದಾರೆ. ದಯೆಗೆ ಕರೀತಿಲ್ಲ, ಕೆಲಸಕ್ಕೆ ಕರೀತಿದ್ದೀನಿ. ಹೆಣೆದದ್ದು ಮಾರಾಟವಾದ್ರೆ ದುಡ್ಡು ಅವರದು."

ಅವನು ತಾಯಿಯತ್ತ ನೋಡಿದ. ಟೀಚರಮ್ಮ ಅಕ್ಕನಿಗೆ ಕೈ ಅಲ್ಲಾಡಿಸಬೇಡ ಎಂದು ಗದರುತ್ತಿದ್ದರು. ಅವನು ಕತ್ತು ತಗ್ಗಿಸಿ, ಕೈಗೆ ಸಿಕ್ಕ ಒದ್ದೆ ಡಬ್ಬಗಳನ್ನು ಎತ್ತಿ ಒಣಗಿದ ಜಾಗಕ್ಕೆ ಇಡತೊಡಗಿದ.

ಹೀಗೆ ಟೀಚರಮ್ಮ ಕೆಳಗಿನ ಮನೆಗೆ ಬರತೊಡಗಿದರು. ಬೆಳಿಗ್ಗೆ ಬಂದಾಗ ಇದು ಯಾರ ಮನೆ ಎಂದು ಕೇಳಿದರೂ ಸೂಜಿ ಕೈಗೆ ಬಂದರೆ ದಾರಿ ತಪ್ಪುತ್ತಿರಲಿಲ್ಲ. ಕೆಂಪು ಮೆತ್ತಿದ ಬಿಳಿ ಉಣ್ಣೆ ನಸುಗುಲಾಬಿ ಗೆರೆಗಳ ಶಾಲಾಯಿತು, ಮಕ್ಕಳ ಟೋಪಿಯಾಯಿತು. ತಂಗಿ ಅವುಗಳ ಕೆಳಗೆ, ನೀರಿನಲ್ಲಿ ನೆನೆದು ಬಣ್ಣ ಬೆರೆತ ಹಳೆಯ ಉಣ್ಣೆ, ಬಿಚ್ಚಿ ಹೆಣೆದವರು ನಮ್ಮ ಟೀಚರಮ್ಮ ಎಂದು ಬರೆದಳು. ಕಷ್ಟದ ದಿನಗಳು ಒಮ್ಮೆಲೇ ಮುಗಿಯಲಿಲ್ಲ. ಹಾಳಾದ ಸಾಮಾನಿನ ಜಾಗ ತುಂಬಲು ತಂಗಿ ಸಂತೆಯಿಂದ ಸಂತೆಗೆ ಓಡಾಡಿದಳು. ಆದರೂ ಕಾಯುತ್ತೇವೆ ಎಂದವರು ಕಾದರು, ಬೇಡವೆಂದವರಲ್ಲೂ ಕೆಲವರು ಮತ್ತೆ ಬಂದರು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅಕ್ಕ ಕೆಲಸಕ್ಕೆ ಮರಳಿದಳು. ರಜೆಯ ದಿನ ಮಾತ್ರ ಬಸ್ಸು ಹತ್ತಿ ತಂಗಿಯ ಮನೆಗೆ ಬಂದು ಡಬ್ಬ ಕಟ್ಟಲು ಕೂರುತ್ತಿದ್ದಳು. ತಂಗಿಯನ್ನು ಗುಜರಿ ಎಂದು ಕರೆಯುವಾಗ ಈಗ ಅವಳ ದನಿಯಲ್ಲಿ ಬಿರುದು ಕೊಟ್ಟ ಧಾಟಿ ಇರುತ್ತಿತ್ತು. ಹಾಗೊಂದು ದಿನ ಅವಳು ಶಾಲೊಂದನ್ನು ಮಡಿಸುತ್ತಿದ್ದಾಗ ಟೀಚರಮ್ಮ ಅದರ ಅಂಚು ಹಿಡಿದು, ಕಣ್ಣ ಹತ್ತಿರ ತಂದು ನೋಡಿದರು.

"ಯಾರು ಹೆಣೆದಿದ್ದು ಇದು? ಕೈ ಚೆನ್ನಾಗಿದೆ."

"ನೀವೇ ಟೀಚರಮ್ಮ" ಎಂದಳು ತಂಗಿ.

"ನಾನಾ?" ಟೀಚರಮ್ಮ ಶಾಲನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. "ಹಾಗಾದ್ರೆ ಬೆಲೆ ಸ್ವಲ್ಪ ಜಾಸ್ತಿ ಹಾಕು."