ಪುಲಾವ್ ಅಂಗ್ಗುರಿನಲ್ಲಿ ಒಂದು ತುಂಡು ನೆಲ

ಪ್ರೊಫೆಸರ್ ಜಯಕರ ಶೆಟ್ಟರಿಗೆ ಒಂದು ಚಾಳಿಯಿತ್ತು. ಹೋದ ಹೋದ ಊರಲ್ಲೆಲ್ಲ ಅವರು ಮನೆ ಕಟ್ಟಿಬಿಡುತ್ತಿದ್ದರು, ಬಾಯಲ್ಲೇ. ಇಪೋಗೆ ಹೋದಾಗ ಅಲ್ಲಿನ ಗುಡ್ಡಗಳನ್ನು ನೋಡಿ, "ರಿಟೈರ್ ಆದ ಮೇಲೆ ಇಲ್ಲೇ ಇದ್ದುಬಿಡುವ ಮಾರಾಯ್ತಿ" ಅಂದಿದ್ದರು. ಪೆನಾಂಗಿನಲ್ಲಿ ಸಮುದ್ರ ನೋಡಿ ಅದೇ ಮಾತು. ಮಲಕ್ಕಾದಲ್ಲಿ ನದಿಗೆ ಮುಖ ಮಾಡಿದ ಮಹಡಿ ಮನೆ, ತೈಪಿಂಗಿನಲ್ಲಿ ದೊಡ್ಡ ಮರದ ನೆರಳಿನ ಮನೆ. ಹೀಗೆ ಮಲೇಷ್ಯಾದ ಉದ್ದಗಲಕ್ಕೂ ಅವರ ಆಸ್ತಿ ಹಬ್ಬಿತ್ತು. ನಿಜವಾಗಿ ಇದ್ದದ್ದು ಸುಬಾಂಗ್ ಜಯಾದ ಬಹುಮಹಡಿ ಕಟ್ಟಡದ ತುದಿಯಲ್ಲಿ ಒಂದು ಕಾಂಡೋ ಮಾತ್ರ. ಅಷ್ಟು ಎತ್ತರದ ಆ ಮನೆಯಲ್ಲಿ ಮಣ್ಣು ಎಂಬುದು ಇದ್ದದ್ದು ಬಾಲ್ಕನಿಯ ಹಳೆ ಪೇಂಟ್ ಡಬ್ಬಗಳಲ್ಲಿ. ಅದರಲ್ಲಿ ಅವರ ಹೆಂಡತಿ ಸರೋಜಿನಿ ಬಸಳೆ ಬೆಳೆಸಿದ್ದರು.

ಸರೋಜಿನಿ ಮಿತಭಾಷಿ. ಮನೆಯಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದರು. ಗಂಡ ಬಾಯಲ್ಲಿ ಮನೆ ಕಟ್ಟುವಾಗಲೆಲ್ಲ "ಹೂಂ" ಅಂದು ಸುಮ್ಮನಾಗುತ್ತಿದ್ದರು. ಆ ಹೂಂಗೆ ಒಳಗೇನಾದರೂ ಅರ್ಥ ಇದ್ದೀತು ಎಂದು ಶೆಟ್ಟರಿಗೆ ಯಾವತ್ತೂ ಅನ್ನಿಸಿರಲಿಲ್ಲ. ಮನುಷ್ಯನ ದೇಹದ ಒಳಗೆ ಏನೇನಿದೆ ಎಂದು ಮೆಡಿಕಲ್ ಕಾಲೇಜಿನಲ್ಲಿ ವರ್ಷಗಟ್ಟಲೆಯಿಂದ ಪಾಠ ಮಾಡುತ್ತ ಬಂದವರು ಅವರು. ಆದರೆ ಆ ಸಿಲೆಬಸ್ಸಿನಲ್ಲಿ ಹೆಂಡತಿಯ ಹೂಂ ಇರಲಿಲ್ಲ.

ಮಗಳು ಶ್ರೀಯಾ ಸಿಂಗಪುರದಲ್ಲಿ ಕೆಲಸದಲ್ಲಿದ್ದಳು. ಅಪ್ಪ ಅಮ್ಮನ ಮದುವೆಯ ವಾರ್ಷಿಕೋತ್ಸವಕ್ಕೆಂದು ಅವಳೇ ಎಲ್ಲ ಬುಕ್ ಮಾಡಿ ಫೋನಿನಲ್ಲಿ ಹೇಳಿದಳು: "ಪಪ್ಪಾ, ಇಟ್ಸ್ ಎ ಲೇಕ್ ಐಲ್ಯಾಂಡ್. ವೈನ್, ಫಾರ್ಮ್, ಕೂಲ್ ವೆದರ್. ಯೂ ವಿಲ್ ಲವ್ ಇಟ್."

ಪೆರಾಕಿನ ಬೆಟ್ಟಗಳ ಮೇಲಿನ ಕೆರೆ ಅದು, ತಾಸಿಕ್ ಡಿಂಗಿನ್. ಅದರ ನಡುವೆ ಪುಲಾವ್ ಅಂಗ್ಗುರ್ ಎಂಬ ಪುಟ್ಟ ದ್ವೀಪ. ಪುಲಾವ್ ಅಂದರೆ ಮಲಯ ಭಾಷೆಯಲ್ಲಿ ದ್ವೀಪ, ಅಂಗ್ಗುರ್ ಅಂದರೆ ದ್ರಾಕ್ಷಿ. ಈ ದೇಶಕ್ಕೆ ಬಂದ ಹೊಸತರಲ್ಲಿ ಶೆಟ್ಟರು ರಸ್ತೆಯ ಬೋರ್ಡುಗಳಲ್ಲಿ ಪುಲಾವ್ ಎಂದು ಓದಿ ಹೋಟೆಲ್ ಹುಡುಕಿದ್ದುಂಟು. ಅದನ್ನು ಅವರೇ ಈಗ ಎಲ್ಲರಿಗೂ ಬೇರೆ ಯಾರೋ ಮಾಡಿದ ಪೆದ್ದುತನವೆಂಬಂತೆ ಹೇಳುತ್ತಾರೆ.

ದೋಣಿ ಇಳಿದಾಗ ನಡು ಮಧ್ಯಾಹ್ನ. ಆದರೂ ಬೆವರಿಲ್ಲ. ಗಾಳಿ ಫ್ರಿಜ್ಜಿನ ಬಾಗಿಲು ಅರೆ ತೆರೆದಿಟ್ಟ ಹಾಗೆ ಮೆಲ್ಲಗೆ ತಣ್ಣಗಿತ್ತು. ಇಳಿಜಾರಿನ ತುಂಬ ದ್ರಾಕ್ಷಿ ಚಪ್ಪರ, ಅದರ ಕೆಳಗೆ ಎಲೆಕೋಸಿನ ಮಡಿಗಳು, ನೀರಿನ ಅಂಚಿಗೆ ಹಿಪ್ಪುನೇರಳೆ ಗಿಡಗಳ ಸಾಲು. ತೋಟದ ಯಜಮಾನಿ ಮೇಡಂ ಲಿಯೋಂಗ್ ಎಂಬ ಚೀನೀ ಮುದುಕಿ ಗಂಬೂಟು ಹಾಕಿಕೊಂಡೇ ಇವರನ್ನು ಎದುರುಗೊಂಡರು. ಉಳಿದುಕೊಳ್ಳಲು ಅವರ ಮನೆಯ ಪಕ್ಕದಲ್ಲೇ ಒಂದು ಕೋಣೆ.

ಸಂಜೆ ವರಾಂಡದಲ್ಲಿ ವೈನ್ ರುಚಿ ನೋಡುವ ಕಾರ್ಯಕ್ರಮ. ಶೆಟ್ಟರು ಗ್ಲಾಸು ತಿರುಗಿಸಿದರು, ಮೂಸಿದರು, ಕಣ್ಣು ಮುಚ್ಚಿದರು. "ಓಕ್ ಮರದ ವಾಸನೆ ಉಂಟು" ಎಂದು ಘೋಷಿಸಿದರು.

"ಪ್ಲಾಸ್ಟಿಕ್ ಡ್ರಮ್ ಲಾ," ಅಂದರು ಮೇಡಂ ಲಿಯೋಂಗ್, ಈ ದೇಶದವರೆಲ್ಲ ಮಾತಿನ ಕೊನೆಗೆ ಅಂಟಿಸುವ 'ಲಾ' ಅಂಟಿಸಿ.

ಸರೋಜಿನಿ ಈವರೆಗೆ ವೈನ್ ಮುಟ್ಟಿದವರಲ್ಲ. ಹಿಪ್ಪುನೇರಳೆ ವೈನಿನದೊಂದು ಗುಟುಕು ಕುಡಿದು, "ಪುನರ್ಪುಳಿ ಶರಬತ್ತಿಗೆ ಸ್ವಲ್ಪ ಸಿಟ್ಟು ಬಂದ ಹಾಗೆ ಉಂಟು" ಅಂದರು. ಮತ್ತೆ ಗ್ಲಾಸು ಮುಂದೆ ಹಿಡಿದರು. ಶೆಟ್ಟರು ಹುಬ್ಬೇರಿಸಿದ್ದು ಅವರಿಗೆ ಕಾಣಿಸಲಿಲ್ಲ, ಅಥವಾ ಕಾಣಿಸಿದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಎರಡನೇ ಗ್ಲಾಸಿಗೆ ಶೆಟ್ಟರ ಬಾಯಲ್ಲಿ ಮನೆ ಏಳತೊಡಗಿತು. "ಸರೋಜಿನಿ, ಎಂಥ ಹವೆ ನೋಡು! ಇಲ್ಲೇ ಇದ್ದುಬಿಡುವ. ಒಂದು ತುಂಡು ನೆಲ ಸಾಕು. ನಾನು ಬೆಳೆಸ್ತೇನೆ, ನೀನು ಅಡುಗೆ ಮಾಡು." ಆಮೇಲೆ ಯಜಮಾನಿಯ ಕಡೆ ತಿರುಗಿ, ತಾನು ಕೃಷಿಕರ ಮನೆತನದವನೆಂದೂ ತನ್ನ ಕೈಗೆ ಮಣ್ಣಿನ ಗುರುತುಂಟೆಂದೂ ಇಂಗ್ಲಿಷಿನಲ್ಲಿ ಹೇಳಿದರು. ಅವರ ತಂದೆ ಉಡುಪಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು.

ಮೇಡಂ ಲಿಯೋಂಗರ ಮುಖ ಅರಳಿತು. "ಗುಡ್! ನಾಳೆ ದ್ರಾಕ್ಷಿ ಕೊಯ್ಲು. ಇಬ್ಬರು ಕೆಲಸಗಾರರು ಊರಿಗೆ ಹೋಗಿದ್ದಾರೆ. ನೀವು ಸಹಾಯಕ್ಕೆ ಬರ್ತೀರಾ?"

ಶೆಟ್ಟರು ಸೊಂಟ ನೋವಿನ ಪ್ರಸ್ತಾಪಕ್ಕೆ ಬಾಯಿ ತೆರೆಯುವಷ್ಟರಲ್ಲಿ ಸರೋಜಿನಿ ಹೇಳಿಯಾಗಿತ್ತು: "ಕ್ಯಾನ್, ಕ್ಯಾನ್. ಹಿ ವಿಲ್ ಕಮ್."

ಬೆಳಿಗ್ಗೆ ಶೆಟ್ಟರ ಕೈಗೆ ಕತ್ತರಿ ಬಂತು. ಹೆಣ ಕೊಯ್ದು ಪಳಗಿದ ಕೈಗೆ ದ್ರಾಕ್ಷಿ ಯಾವ ಲೆಕ್ಕ ಎಂದುಕೊಂಡು ಚಪ್ಪರದ ಕೆಳಗೆ ನುಗ್ಗಿದರು. ಪಕ್ಕದ ಸಾಲಿನಲ್ಲಿದ್ದ ಹೆಂಗಸರಿಗೆ, ಬಳ್ಳಿಯ ಕವಲುಗಳು ಭುಜದ ನರಗಳ ಹಾಗೇ ಇವೆ ಎಂದು ವಿವರಿಸುತ್ತ, ಒಂದು ಒಳ್ಳೆಯ ಕೊಂಬೆಯನ್ನೇ ಬುಡದಲ್ಲಿ ಕತ್ತರಿಸಿಹಾಕಿದರು. ಗೊಂಚಲಿನ ಜೊತೆ ಮುಂದಿನ ಬೆಳೆಯೂ ಬುಟ್ಟಿಗೆ ಬಿತ್ತು. ಅಷ್ಟರಲ್ಲಿ ಕಾಲಿಗೆ ಜಿಗಣೆ ಹತ್ತಿತು. ಪ್ರೊಫೆಸರರು ಹಾಕಿದ ಬೊಬ್ಬೆಗೆ ಮರದ ಹಕ್ಕಿಗಳೆಲ್ಲ ಒಮ್ಮೆಗೇ ಹಾರಿದವು.

ಮೇಡಂ ಲಿಯೋಂಗ್ ಬೈಯಲಿಲ್ಲ. ಹಾರಿದ ಹಕ್ಕಿಗಳನ್ನೊಮ್ಮೆ ನೋಡಿದರು, ಶೆಟ್ಟರನ್ನೊಮ್ಮೆ ನೋಡಿದರು. ಕತ್ತರಿ ಮೆಲ್ಲನೆ ತೆಗೆದುಕೊಂಡು ಒಂದು ಬಿಸ್ಕೆಟ್ ಡಬ್ಬ ಮತ್ತು ಕೋಲು ಕೊಟ್ಟರು. ತೋಟಕ್ಕೆ ಬರುವ ಹಕ್ಕಿಗಳನ್ನು ಓಡಿಸುವ ಕೆಲಸ.

ಹಾಗೆ ಶೆಟ್ಟರು ಒಂದು ಕುರ್ಚಿಯ ಮೇಲೆ ಕೂತು ಡಬ್ಬ ಬಡಿಯುತ್ತ ಬೆಳಗು ಕಳೆದರು. ಕೆಲಸ ಅವರಿಗೆ ಒಗ್ಗಿತು ಎಂದೇ ಹೇಳಬೇಕು. ಆದರೆ ಬಿಸಿಲು ಏರುತ್ತಿದ್ದ ಹಾಗೆ ಅವರಿಗೆ ಮನೆ ನೆನಪಾಯಿತು. ಕಾಂಡೋದ ಕೆಳಗೆ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿ, ಅಲ್ಲಿನ ನೊರೆ ಚಹಾ, ಬಿಸಿ ರೊಟ್ಟಿ. ಮಧ್ಯಾಹ್ನದ ದೋಣಿಗೇ ಹೊರಟುಬಿಡುವ ಎಂದು ಹೇಳೋಣವೆಂದು ನೋಡಿದರೆ ಸರೋಜಿನಿ ಎಲ್ಲೂ ಕಾಣಿಸಲಿಲ್ಲ. ಕೋಣೆಯಲ್ಲಿ ಇಲ್ಲ. ಅಡುಗೆಮನೆಯಲ್ಲಿ ಇಲ್ಲ. ಫೋನು ಹಾಸಿಗೆಯ ಮೇಲೆ ಬಿದ್ದಿತ್ತು. ಶೆಟ್ಟರ ಕಣ್ಣು ಕೆರೆಯ ನೀರಿನ ಕಡೆ ಹೋಯಿತು. ಡಬ್ಬ ಕೆಳಗಿಟ್ಟು ಓಡಿದರು.

ದ್ವೀಪದ ಆಚೆ ತುದಿಯಲ್ಲಿ, ಹಿಪ್ಪುನೇರಳೆ ಸಾಲು ಮುಗಿಯುವಲ್ಲಿ, ಹುಲ್ಲು ಬೆಳೆದು ಹಾಳು ಬಿದ್ದ ಒಂದು ಜಾಗವಿತ್ತು. ಅಲ್ಲಿ ಯಾರದೋ ಗಂಬೂಟು ಹಾಕಿಕೊಂಡು, ಚೂಡಿದಾರದ ಕಾಲು ಮಡಚಿ, ಸರೋಜಿನಿ ಗುದ್ದಲಿ ಹಿಡಿದು ಅಗೆಯುತ್ತಿದ್ದರು. ಆಗಲೇ ಒಂದು ಮಡಿ ಎದ್ದು ನಿಂತಿತ್ತು. ಮೂಗಿನ ಮೇಲೆ ಮಣ್ಣು.

"ಎಂತ ಮಾಡ್ತಿದ್ದಿ ಮಾರಾಯ್ತಿ? ನಾನು ಎಲ್ಲೆಲ್ಲಿ ಹುಡುಕಿದೆ ಗೊತ್ತುಂಟಾ?"

"ಈ ಜಾಗ ಅವರು ನನಗೆ ಕೊಟ್ಟಿದ್ದಾರೆ," ಅಂದರು ಸರೋಜಿನಿ, ಅಗೆಯುವುದು ನಿಲ್ಲಿಸದೆ. "ಸುಮ್ಮನೆ ಹುಲ್ಲು ಬೆಳೀತದೆ, ನೀನೇ ಎಂತಾದ್ರೂ ಹಾಕು ಅಂದ್ರು. ಬೆಳೆದದ್ದರಲ್ಲಿ ಅವರಿಗೂ ಸ್ವಲ್ಪ ಕೊಟ್ಟರಾಯ್ತು. ತಿಂಗಳಿಗೆ ಎರಡು ಸಲ ಬಂದರೆ ಸಾಕಂತೆ, ನಡುವೆ ನೀರು ಅವರು ಬಿಡ್ತಾರೆ."

"ಇಷ್ಟು ದೂರ? ನಿನಗೆ ಮರುಳಾ? ಜಿಗಣೆ ಉಂಟು ಇಲ್ಲಿ! ನಿನ್ನ ಮಂಡಿ ನೋವು? ಟ್ಯೂಷನ್?"

"ನೀವೇ ಅಲ್ವಾ ನಿನ್ನೆ ಹೇಳಿದ್ದು, ಒಂದು ತುಂಡು ನೆಲ ಸಾಕು ಅಂತ?"

"ಅಯ್ಯೋ, ಅದು ಮಾತಿಗೆ ಹೇಳಿದ್ದು."

ಸರೋಜಿನಿ ಗುದ್ದಲಿ ಊರಿ ನಿಂತರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುವ ಹಾಗೆ ನೋಡಿದರು.

"ಇಪೋದಲ್ಲಿ ಕೆಂಪು ಗೇಟಿನ ಮನೆ ತೋರಿಸಿದ್ದು ನೆನಪುಂಟಾ ನಿಮಗೆ? ಅವತ್ತು ಕಾರಲ್ಲಿ ಬರುವಾಗ ನಾನು ಅದರ ಅಡುಗೆಮನೆ ಕಿಟಕಿಗೆ ಪರದೆ ಕೂಡ ಹಾಕಿ ಆಗಿತ್ತು, ಮನಸ್ಸಲ್ಲಿ. ನೀವು ಟೋಲ್ ದಾಟುವಷ್ಟರಲ್ಲಿ ಕ್ರಿಕೆಟ್ ಮಾತಾಡ್ಲಿಕ್ಕೆ ಶುರು ಮಾಡಿದ್ರಿ. ತೈಪಿಂಗಿನ ಮನೆಗೆ ಬಾವಿ ಎಲ್ಲಿ ಅಂತ ಯೋಚನೆ ಮಾಡಿ ನನಗೆ ಎರಡು ದಿನ ನಿದ್ದೆ ಬರ್ಲಿಲ್ಲ. ಪ್ರತಿ ಸಲ ನಾನು ಹೋಗಿ ಇದ್ದು ಬಂದಿದ್ದೇನೆ. ನೀವು ಮಾತ್ರ ಹೋಗ್ಲೇ ಇಲ್ಲ."

"ನೀನು ಹೇಳ್ಲೇ ಇಲ್ವಲ್ಲ?"

"ನೀವು ಕೇಳ್ಲೇ ಇಲ್ವಲ್ಲ."

ಶೆಟ್ಟರು ಬಗ್ಗಿ, ಹೆಂಡತಿ ಕಿತ್ತು ಹಾಕಿದ್ದ ಹುಲ್ಲನ್ನು ಬಾಚಿ ಬದಿಗೆ ಒಯ್ದು ಹಾಕಿದರು. ಎರಡು ಸಲ ಒಯ್ದ ಮೇಲೆ ಸೊಂಟ ಹಿಡಿದುಕೊಂಡರು. ಸರೋಜಿನಿ ನಕ್ಕು, "ಅಲ್ಲಿ ನೆರಳಲ್ಲಿ ಕೂತ್ಕೊಳ್ಳಿ. ಕೂತು ಮಾತಾಡ್ತಾ ಇರಿ, ಸಾಕು" ಅಂದರು. ಅವರು ಕೂತರು. ಮಧ್ಯಾಹ್ನದ ದೋಣಿ ಹೋಯಿತು.

ಆಮೇಲಿನ ತಿಂಗಳುಗಳಲ್ಲಿ ತಪ್ಪುಗಳಿಗೇನೂ ಬರವಿರಲಿಲ್ಲ. ಸರೋಜಿನಿ ಮೊದಲು ನೆಟ್ಟದ್ದು ಬಾಲ್ಕನಿಯ ಬಸಳೆಯ ತುಂಡುಗಳನ್ನು. ಸೆಕೆಗೆ ಒಗ್ಗಿದ ಬಳ್ಳಿ ಆ ತಂಪಿಗೆ ಮುದುಡಿ ಸತ್ತಿತು. ಎರಡನೇ ಸಲ ಹಾಕಿದ ಬೀನ್ಸನ್ನು ಬಸವನ ಹುಳುಗಳು ತಿಂದವು. ಮೂಲಂಗಿ ಮಾತ್ರ ಚೆನ್ನಾಗಿ ಬಂತು, ಎಷ್ಟು ಬಂತೆಂದರೆ ಬ್ರಿಕ್‌ಫೀಲ್ಡ್ಸಿನಲ್ಲಿ ನಡೆದ ಕನ್ನಡ ಸಂಘದ ಯುಗಾದಿ ಊಟಕ್ಕೆ ಹುಳಿಗೂ ಅದೇ, ಕೋಸಂಬರಿಗೂ ಅದೇ. ಶೆಟ್ಟರು ಪಂಕ್ತಿಯುದ್ದಕ್ಕೂ ಓಡಾಡಿ, "ನಮ್ಮ ತೋಟದ್ದು" ಎಂದು ಎಲೆ ಎಲೆಗೂ ಹೇಳಿದರು. "ನೀವೇ ಬೆಳೆಸಿದ್ದಾ ಸಾರ್?" ಎಂದು ಯಾರೋ ಕೇಳಿದಾಗ ಹೆಂಡತಿ ಎಲ್ಲಿದ್ದಾರೆಂದು ಅತ್ತಿತ್ತ ನೋಡಿ, "ಮೇಲ್ವಿಚಾರಣೆ ನನ್ನದು" ಅಂದರು.

ಒಂದು ಶನಿವಾರ ಕಾಲೇಜಿನಲ್ಲಿ ಪರೀಕ್ಷೆ ಇದ್ದುದರಿಂದ ಸರೋಜಿನಿ ಒಬ್ಬರೇ ಹೊರಟರು. ಶೆಟ್ಟರು ಬಸ್ಸಿನವರೆಗೆ ಬಿಟ್ಟು, ದಾರಿಯುದ್ದಕ್ಕೂ ಎಚ್ಚರಿಕೆ ಹೇಳಿದರು. ಅವತ್ತೂ ಮರುದಿನವೂ ಬಿಡುವಾದಾಗಲೆಲ್ಲ ಫೋನ್ ಮಾಡಿದರು. ಸರೋಜಿನಿ ಎತ್ತಲಿಲ್ಲ. ಕಡೆಗೊಮ್ಮೆ ಮೇಡಂ ಲಿಯೋಂಗ್ ಎತ್ತಿ, "ಶಿ ಬಿಸಿ ಲಾ" ಎಂದು ಇಟ್ಟುಬಿಟ್ಟರು.

ಭಾನುವಾರ ಸಂಜೆ ಸರೋಜಿನಿ ಬಂದಾಗ ಶೆಟ್ಟರು ಮಾಮಕ್ ಅಂಗಡಿಯಿಂದ ತಪಾವ್ ಮಾಡಿಸಿ, ಅಂದರೆ ಕಟ್ಟಿಸಿಕೊಂಡು, ತಂದ ರೊಟ್ಟಿ, ಸಾರನ್ನು ಮೇಜಿನ ಮೇಲೆ ಜೋಡಿಸಿಟ್ಟಿದ್ದರು. ಕೇಳಲು ಬಹಳಷ್ಟಿತ್ತು ಅವರಿಗೆ. "ಕೈಕಾಲು ತೊಳೆದು ಬರ್ತೇನೆ" ಎಂದ ಸರೋಜಿನಿ ಸೋಫಾದಲ್ಲಿ ಒಂದು ಗಳಿಗೆ ಕೂತವರು ಹಾಗೇ ಒರಗಿ ನಿದ್ದೆ ಹೋದರು. ಉಗುರುಗಳಲ್ಲಿ ಕಪ್ಪು ಮಣ್ಣು, ತುಟಿಯ ಅಂಚಿನಲ್ಲಿ ಹಿಪ್ಪುನೇರಳೆಯ ನೇರಳೆ ಬಣ್ಣ. ಶೆಟ್ಟರು ಟೀವಿ ಆರಿಸಿ, ಫ್ಯಾನ್ ಸಣ್ಣಗೆ ಮಾಡಿ, ರೊಟ್ಟಿಯ ಮೇಲೆ ತಟ್ಟೆ ಮುಚ್ಚಿದರು. ಎದುರಿನ ಕುರ್ಚಿಯಲ್ಲಿ ಕೂತು ಹೆಂಡತಿ ಏಳುವುದನ್ನೇ ಕಾಯತೊಡಗಿದರು.