ದುಡ್ಡು ಕೊಟ್ಟ ಸಪೋರ್ಟು

ಶ್ರೀನಿವಾಸಪುರದ ಮಾವು ಬೆಳೆಗಾರರ ಸಂಘದ ಕಂಪ್ಯೂಟರು ಕೈಕೊಟ್ಟಿದ್ದು ಸೀಸನ್ನಿನ ನಟ್ಟನಡುವೆ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ. ಏನು ಮಾಡಿದರೂ ತೂಕದ ಚೀಟಿ ಬರಲೊಲ್ಲದು. ಕೈಯಲ್ಲಿ ಬರೆದ ಚೀಟಿಯನ್ನು ವ್ಯಾಪಾರಿಗಳು ಮೂಸಿಯೂ ನೋಡುವುದಿಲ್ಲ. ಹೊರಗೆ ರಾಯಲ್ಪಾಡಿನ ದೊಡ್ಡವೆಂಕಟಮ್ಮ ಬಾದಾಮಿ ಮಾವಿನ ಕ್ರೇಟುಗಳ ಪಕ್ಕ ಕೂತಿದ್ದಳು. ಮಧ್ಯಾಹ್ನದ ಲಾರಿ ಹತ್ತದಿದ್ದರೆ ಆ ಕಾಯಿ ಬಿಸಿಲಿಗೆ ಅಲ್ಲೇ ಮೆತ್ತಗಾಗುತ್ತದೆ, ಆಮೇಲೆ ಜ್ಯೂಸ್ ಫ್ಯಾಕ್ಟರಿಯವರು ಕೊಟ್ಟಷ್ಟಕ್ಕೆ ಸುರಿದು ಬರಬೇಕು.

ಹೋದ ವರ್ಷವೂ ಹೀಗೇ ಆಗಿತ್ತು. ಚೀಟಿ ಮುದ್ರಿಸುವುದು ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಓಪನ್ ಸೋರ್ಸ್ ತಂತ್ರಾಂಶ. ಆಪರೇಟರ್ ಸರಳಾ ಅದನ್ನು ಬಳಸುವವರ ಆನ್‌ಲೈನ್ ವೇದಿಕೆಯಲ್ಲಿ ಕೇಳಿದ್ದಳು. ಮುಖ ಕಾಣದ ಯಾರೋ ಪುಣ್ಯಾತ್ಮರು ಕಾಫಿ ಕುಡಿಯುವಷ್ಟರಲ್ಲಿ ದಾರಿ ತೋರಿಸಿದ್ದರು. ಅಧ್ಯಕ್ಷ ಸುಬ್ಬರಾಯಪ್ಪನವರಿಗೆ ಅದೇ ಸರಿಬರಲಿಲ್ಲ. ಪುಕ್ಕಟೆ ಹೇಳುವವರಿಗೆ ಏನು ಜವಾಬ್ದಾರಿ ಎಂದು ಕೋಲಾರದ ಅಮರನಾಥನ ಕಂಪನಿಗೆ ಸಪೋರ್ಟಿನ ಗುತ್ತಿಗೆ ಕೊಟ್ಟುಬಿಟ್ಟರು. ಹೊರಗಿನವರನ್ನು ಕೇಳಿದರೆ ಗುತ್ತಿಗೆ ರದ್ದು ಎಂಬುದು ಅವನ ಷರತ್ತು. ಕೇಳಿದರೆ ನಿನ್ನ ಕೆಲಸವೂ ರದ್ದು ಎಂಬುದು ಅಧ್ಯಕ್ಷರದು.

ಅದಕ್ಕೇ ಸರಳಾ ಬಾಯಿ ಮುಚ್ಚಿಕೊಂಡು ಅಮರನಾಥನಿಗೇ ಫೋನ್ ಮಾಡಿದಳು. ಅವನು ಪರದೆಯ ಫೋಟೊ ಕೇಳಿದ, ಹಾಗೇ ಅಂಗಳದ್ದೂ ಒಂದು ಕಳಿಸಿ ಎಂದ. ತನ್ನ ಎಂಜಿನಿಯರುಗಳೆಲ್ಲ ಇದರ ಮೇಲೇ ಕೂತಿದ್ದಾರೆ ಎಂದು ಅವಳು ಮತ್ತೆ ಫೋನ್ ಮಾಡಿದಾಗಲೆಲ್ಲ ಹೇಳಿದ. ಅಷ್ಟರಲ್ಲಿ ಲಾರಿ ಹೊರಟುಹೋಯಿತು.

ಸಂಜೆ ಅಮರನಾಥ ಕಾರಿನಲ್ಲಿ ಬಂದಿಳಿದು ಎರಡು ಸಾಲು ಟೈಪ್ ಮಾಡಿದ. ಚೀಟಿ ಬಂತು. ಅಧ್ಯಕ್ಷರು ಟೀ ತರಿಸಿದರು.

"ನೋಡಮ್ಮ ಸರಳಾ, ದುಡ್ಡು ಕೊಟ್ರೆ ಮನೆ ಬಾಗಿಲಿಗೇ ಬರ್ತಾರೆ."

ಆ ಎರಡು ಸಾಲು ಯಾಕೋ ಅವಳ ತಲೆಯಲ್ಲಿ ಕೊರೆಯಿತು. ಮೂಲೆಗೆ ಹೋಗಿ ಫೋನಿನಲ್ಲಿ ವೇದಿಕೆ ತೆರೆದಳು. ಅಲ್ಲಿ ಅವಳೇ ಅಮರನಾಥನಿಗೆ ಕಳಿಸಿದ ಫೋಟೊಗಳಿದ್ದವು. ಕ್ರೇಟುಗಳ ಪಕ್ಕ ತಲೆ ಮೇಲೆ ಕೈಹೊತ್ತ ದೊಡ್ಡವೆಂಕಟಮ್ಮ. ಕೆಳಗೆ ಅಮರನಾಥ ಬರೆದಿದ್ದ: 'ನಾವು ಬಡ ರೈತರು, ಸಪೋರ್ಟಿಗೆ ದುಡ್ಡಿಲ್ಲ, ದಯವಿಟ್ಟು ಸಹಾಯ ಮಾಡಿ.' ಥೂ, ಮಾನಗೆಟ್ಟವನೇ! ಆ ಮುದುಕಿಯನ್ನು ಮುಂದಿಟ್ಟುಕೊಂಡು ಭಿಕ್ಷೆ ಬೇಡಿದ್ದ. ಪಾಪ ಅನ್ನಿಸಿ ಯಾರೋ ಬೆಳಿಗ್ಗೆ ಹತ್ತಕ್ಕೇ ಉತ್ತರ ಕೊಟ್ಟಿದ್ದರು, ಅದೇ ಎರಡು ಸಾಲು. ಸಿಕ್ಕಿತು, ಧನ್ಯವಾದ ಎಂದು ಅಮರನಾಥ ಆಗಲೇ ಹೇಳಿಯೂ ಇದ್ದ. ಫೋನಿನಲ್ಲಿ ಅವಳಿಗೆ ಅದನ್ನೇ ಓದಿ ಹೇಳಿದ್ದರೆ ಮುಗಿದಿತ್ತು. ಹಾಗೆ ಹೇಳಿದರೆ ಕೆಲಸ ಮಾಡಿದಂತೆ ಕಾಣುವುದಿಲ್ಲವಲ್ಲ.

ಉತ್ತರ ಕೊಟ್ಟವರು ಆಮೇಲೆ ಒಂದು ಮಾತು ಕೇಳಿದ್ದರು: 'ಆ ಅಜ್ಜಿಯ ಮಾವು ಉಳಿಯಿತೇ?' ಅದಕ್ಕೆ ಯಾರೂ ಏನೂ ಹೇಳಿರಲಿಲ್ಲ.

ಸರಳಾ ಅಧ್ಯಕ್ಷರ ಮುಂದೆ ಬಂದು ನಿಂತು, ಒಂದೊಂದೇ ಮಾತನ್ನು ಗಟ್ಟಿಯಾಗಿ ಹೇಳುತ್ತಾ ವೇದಿಕೆಯಲ್ಲಿ ಬರೆದಳು.

"ಉಳೀಲಿಲ್ಲ. ನಿಮ್ಮ ಉತ್ತರ ಹತ್ತು ಗಂಟೆಗೇ ಬಂದಿತ್ತು. ನಮ್ಮ ಸಂಘ ದುಡ್ಡು ಕೊಟ್ಟು ಇಟ್ಕೊಂಡಿರೋ ಅಮರನಾಥ್ ಅವರು ಅದನ್ನ ಸಂಜೆವರೆಗೂ ಜೇಬಲ್ಲಿ ಇಟ್ಕೊಂಡಿದ್ರು."

ಅಮರನಾಥ ಟೀ ಲೋಟ ಕೆಳಗಿಟ್ಟ. ಬಾಗಿಲಲ್ಲಿ ಜ್ಯೂಸ್ ಫ್ಯಾಕ್ಟರಿಗೆ ಹಾಕುವ ಚೀಟಿಗಾಗಿ ನಿಂತಿದ್ದ ದೊಡ್ಡವೆಂಕಟಮ್ಮ ಅವನನ್ನೇ ನೋಡುತ್ತಿದ್ದಳು.