ಆಯುಧಪೂಜೆಯ ಆಕ್ಸಿಜನ್

ಥೂ, ಅವತ್ತು ಬಾಗಿಲಲ್ಲಿ ಒಡೆದಿದ್ದ ಬೂದುಗುಂಬಳದ ವಾಸನೆ ಇನ್ನೂ ಮೂಗಲ್ಲೇ ಇದೆ. ಆಯುಧಪೂಜೆ ಅಂದರೆ ನನಗೇನೂ ಅಲರ್ಜಿಯಿಲ್ಲ. ನನ್ನ ಸ್ಕೂಟರಿನ ಚಕ್ರಕ್ಕೆ ನಾನೂ ನಿಂಬೆಹಣ್ಣು ಇಡುತ್ತೇನೆ. ಆದರೆ ನಾನು ಡಾಕ್ಟರಾಗಿರುವ ಗವಿಪುರಂನ ಟ್ರಸ್ಟ್ ಆಸ್ಪತ್ರೆಯ ಆಡಳಿತಾಧಿಕಾರಿ ಲಕ್ಷ್ಮೀಶ ಮಹಾಶಯರು ಮಕ್ಕಳ ಎಮರ್ಜೆನ್ಸಿಯ ಆಕ್ಸಿಜನ್ ಸಿಲಿಂಡರುಗಳನ್ನೆಲ್ಲ ಹಾಲ್‌ಗೆ ಎಳೆಸಿ, ಸಾಲಾಗಿ ನಿಲ್ಲಿಸಿ, ಅರಿಶಿನ ಕುಂಕುಮ ಮೆತ್ತಿಸಿ, ಸೇವಂತಿಗೆ ಹಾರ ಹಾಕಿಸಿದ್ದರು. ನಾಳೆ ಬೆಳಿಗ್ಗೆಯವರೆಗೆ ಯಾರೂ ಮುಟ್ಟಕೂಡದೆಂದು ಅಪ್ಪಣೆ ಬೇರೆ. ಟ್ರಸ್ಟಿಗಳು ಬಂದು ಫೋಟೊ ತೆಗೆಸಿಕೊಂಡು, ಪುರಿ ಕಡಲೆ ಕಟ್ಟಿಸಿಕೊಂಡು ಹೋದರು.

ಮಧ್ಯಾಹ್ನ ಸೌಂದರ್ಯಾ ಎಂಬ ಹೆಂಗಸು ತನ್ನ ಪುಟ್ಟ ಮಗ ನಿತೀಶನನ್ನು ಎತ್ತಿಕೊಂಡು ಓಡಿಬಂದಳು. ದಡಾರದ ಬೆನ್ನಿಗೇ ನ್ಯುಮೋನಿಯಾ. ತುಟಿ ನೀಲಿಗಟ್ಟಿತ್ತು, ಉಸಿರೆಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು.

"ಆಕ್ಸಿಜನ್ ತನ್ನಿ!" ಎಂದು ಕೂಗಿದೆ. ನರ್ಸ್ ಯಶಶ್ರೀ ಲಕ್ಷ್ಮೀಶರ ಮುಖ ನೋಡಿದಳು.

"ಪೂಜೆ ಇನ್ನೂ ಕದಲಿಸಿಲ್ಲ ಮೇಡಂ," ಅಂದರು ಅವರು. "ಬೇರೆ ಆಸ್ಪತ್ರೆಗೆ ಕಳಿಸ್ಬಿಡೋಣ."

"ದಾರೀಲೇ ಹೋಗ್ಬಿಡತ್ತೆ ಕಣ್ರೀ ಮಗು! ಹೊಟ್ಟೆಗೆ ಏನ್ ತಿಂತೀರ್ರೀ ನೀವು?"

ನಾನೇ ಹೋಗಿ ಒಂದು ಸಿಲಿಂಡರಿನ ಹಾರ ಕಿತ್ತೆಸೆದೆ. ಸೌಂದರ್ಯಾ ಓಡಿಬಂದು ನನ್ನ ಕೈ ಹಿಡಿದಳು. "ಬೇಡ ಮೇಡಂ, ದೇವರಿಗೆ ಹಾಕಿರೋ ಹೂವು! ನನ್ ಮಗೂಗೆ ಏನಾದ್ರೂ ಆದ್ರೆ?"

ಅವಳ ಕೈ ಕೊಡವಿಕೊಂಡೆ. ನೋಡಿದರೆ ಕೊಳವೆಯೂ ಇಲ್ಲ, ಮಾಸ್ಕೂ ಇಲ್ಲ! ಫೋಟೊದಲ್ಲಿ ಅಸಹ್ಯವಾಗಿ ಕಾಣುತ್ತವೆಂದು ಎಲ್ಲವನ್ನೂ ಬಿಚ್ಚಿಸಿ ಸ್ಟೋರಿನಲ್ಲಿ ಬೀಗ ಹಾಕಿಸಿದ್ದರು. ಬೀಗದ ಕೈ ಇದ್ದವನು ಹಬ್ಬದೂಟಕ್ಕೆ ಮನೆಗೆ ಹೋಗಿದ್ದ. ಯಶಶ್ರೀ ಕಲ್ಲು ತಂದು ಬೀಗ ಒಡೆಯುತ್ತಿದ್ದಾಗ, ನಾನು ಕೈಯಲ್ಲಿ ಗಾಳಿಚೀಲ ಒತ್ತುತ್ತಾ ಮಗುವಿಗೆ ಉಸಿರು ತುಂಬುತ್ತಿದ್ದೆ. ಬರೀ ಗಾಳಿ ಆ ಶ್ವಾಸಕೋಶಕ್ಕೆ ಎಲ್ಲಿ ಸಾಕು! ಕೊಳವೆ ಬಂದು, ಆಕ್ಸಿಜನ್ ಹರಿಯತೊಡಗಿದಾಗ ಎದೆಬಡಿತ ನಿಂತಿತ್ತು. ಎದೆ ಒತ್ತಿದೆ, ಇಂಜೆಕ್ಷನ್ ಕೊಟ್ಟೆ, ಮತ್ತೆ ಒತ್ತಿದೆ. ಮಗು ಉಳಿಯಲಿಲ್ಲ.

ಹೊರಗೆ ಹಾಲ್‌ಗೆ ಬಂದು ತಾಯಿಗೆ ಹೇಳಿದೆ. ಅವಳು ಅಳಲಿಲ್ಲ. ನೆಲದ ಮೇಲೆ ಬಿದ್ದಿದ್ದ ಹೂವನ್ನೇ ನೋಡುತ್ತಾ ಕೇಳಿದಳು:

"ಹಾರ ಕಿತ್ತಿದ್ದಕ್ಕೇ ಅಲ್ವಾ ಮೇಡಂ?"

ನಾನು ತಿರುಗಿ ನೋಡಿದೆ. ಲಕ್ಷ್ಮೀಶರು ಅಲ್ಲೇ ನಿಂತಿದ್ದರು. ಅಲ್ಲಮ್ಮ, ತಪ್ಪು ನಮ್ಮದು ಅಂದಿದ್ದರೆ ಸಾಕಿತ್ತು. ಆ ಮನುಷ್ಯ ಕಣ್ಣು ಮುಚ್ಚಿ ಸಿಲಿಂಡರಿಗೆ ಕೈ ಮುಗಿದ.